ದೊಡ್ಡ ಗುಂಡಿಯ ಕತ್ತಲು: ವೇಲ್ಸಿನ ಒಂದು ಕಲ್ಲಿದ್ದಲ ಗಣಿಯಲ್ಲಿ

ಕೋಲಾರ ಚಿನ್ನದ ಗಣಿಯ ಊರಿನಿಂದ ಬಂದು ನಮ್ಮಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ನನ್ನೆದುರು ಒಂದು ವಿಷಯವನ್ನಿಟ್ಟಿದ್ದ. ಗಣಿಯೊಳಗೆ ದುಡಿದವರು ಬಳಸುತ್ತಿದ್ದ ಕಸುಬಿನ ಮಾತುಗಳನ್ನು, ತಮಿಳು ತೆಲುಗು ಕನ್ನಡ ಇಂಗ್ಲಿಷುಗಳು ಕಲೆತುಹೋದ ಆ ಪದಗಳನ್ನು, ಸಂಗ್ರಹಿಸಿ ಕಿರುಪ್ರಬಂಧ ಬರೆಯಬೇಕೆಂಬುದು ಅವನ ಆಸೆ. ಅವನ ತಾತ ಬಹುಕಾಲ ನೆಲದಡಿಯಲ್ಲಿ ದುಡಿದವರು. ನಾನು ಆಕರಗಳ ಕೊರತೆ, ಕಾಲದ ಮಿತಿ, ಪರೀಕ್ಷಕರ ಮನೋಧರ್ಮ ಎಲ್ಲವನ್ನೂ ವಿವರಿಸಿ ಅವನನ್ನು ಒಂದು ಸುರಕ್ಷಿತವಾದ ವಿಷಯಕ್ಕೆ ಒಗ್ಗಿಸಿದೆ. ಅವನು ಒಪ್ಪಿಕೊಂಡ, ಒಳ್ಳೆಯ ಅಂಕವೂ ಬಂತು. ಎದ್ದು ಹೋಗುವಾಗ ಮಾತ್ರ ಒಂದು ಪ್ರಶ್ನೆ ಕೇಳಿದ್ದ: "ಸರ್, ಗಣಿ ಮುಚ್ಚಿದ್ದು ನಾನು ಹುಟ್ಟುವುದಕ್ಕೂ ಮೊದಲು. ತಾತ ಹೇಳುತ್ತಿದ್ದ ಆ ಕತ್ತಲು ಎಂಥದೆಂದು ನೋಡಬೇಕೆಂದರೆ ಈಗ ಎಲ್ಲಿಗೆ ಹೋಗಬೇಕು?" ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆ ನನಗೆ ಮತ್ತೆ ನೆನಪಾದದ್ದು ದಕ್ಷಿಣ ವೇಲ್ಸಿನ ಬ್ಲೈನಾವನ್ ಎಂಬ ಬೆಟ್ಟದೂರಿನಲ್ಲಿ, ತಲೆಗೆ ಹೆಲ್ಮೆಟ್ ಕಟ್ಟಿಕೊಂಡು ಗಣಿಯ ಬಾಯಲ್ಲಿ ಸರದಿಗಾಗಿ ಕಾಯುತ್ತಿದ್ದಾಗ.

ಕಾರ್ಡಿಫಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿಂದ ಉತ್ತರಕ್ಕೆ ಒಂದು ತಾಸಿನ ದಾರಿ. ಊರಿನ ಹೆಸರೇ ಭಾಷೆಯ ವಿದ್ಯಾರ್ಥಿಗೆ ಮೊದಲ ಪಾಠ. ವೆಲ್ಷ್ ಭಾಷೆಯಲ್ಲಿ 'ಬ್ಲೈನ್' ಎಂದರೆ ತಲೆ, ತುದಿ, ಮೂಲ. 'ಆವನ್' ಎಂದರೆ ಹೊಳೆ. ಹೊಳೆ ಹುಟ್ಟುವ ತಾಣ ಎಂಬರ್ಥ. ನಮ್ಮ ತಲಕಾವೇರಿಯ ಪದರಚನೆಗೆ ಎಷ್ಟು ಹತ್ತಿರವೆಂದು ಬೇರೆ ಹೇಳಬೇಕಾಗಿಲ್ಲ. ಇಂಗ್ಲಿಷರು 'ವಿ' ಅಕ್ಷರದಿಂದ ಬರೆಯುವ ಈ ಹೆಸರನ್ನು ವೆಲ್ಷರು 'ಎಫ್' ಅಕ್ಷರದಿಂದ ಬರೆಯುತ್ತಾರೆ, ಏಕೆಂದರೆ ಅವರಲ್ಲಿ ಒಂಟಿ 'ಎಫ್'ಗೆ ವಕಾರದ ಉಚ್ಚಾರ. ದಾರಿಯ ಫಲಕಗಳೆಲ್ಲ ಎರಡು ಭಾಷೆಗಳಲ್ಲಿವೆ. ಇಂಗ್ಲಿಷಿನಲ್ಲಿ 'ಬಿಗ್ ಪಿಟ್' ಎನಿಸಿಕೊಂಡಿರುವ ಗಣಿಗೆ ವೆಲ್ಷಿನಲ್ಲಿ 'ಪುಲ್ ಮೌರ್' ಎಂದು ಹೆಸರು. ಎರಡಕ್ಕೂ ಅರ್ಥ ಒಂದೇ, ದೊಡ್ಡ ಗುಂಡಿ. ಕನ್ನಡದಲ್ಲಿ ಹೇಳಿಕೊಂಡರೂ ಅದು ನಮ್ಮ ಯಾವುದೋ ಹಳ್ಳಿಯ ಹೊಲದ ಹೆಸರಿನಂತೆಯೇ ಕೇಳಿಸುತ್ತದೆ.

ಈ ಹೆಸರಿಗೆ ಕಾರಣ ಆಳವಲ್ಲ, ಅಗಲ. ಗಣಿಗಿಳಿಯುವ ಬಾವಿಯನ್ನು ಇಲ್ಲಿ ಅಂಡಾಕಾರವಾಗಿ, ಸುಮಾರು 18 ಅಡಿಗೆ 13 ಅಡಿ ಅಳತೆಯಲ್ಲಿ ತೋಡಿದ್ದರು. ಆಳ ಸುಮಾರು 90 ಮೀಟರು, ಅಂದರೆ 300 ಅಡಿ. ಬೆಳಗೊಳದ ಗೊಮ್ಮಟನಂತಹ ಐದು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು. ಗಣಿಗಾರಿಕೆಯ ಲೆಕ್ಕದಲ್ಲಿ ಇದು ಆಳವೇ ಅಲ್ಲ. ನಮ್ಮ ಕೋಲಾರದ ಗಣಿಗಳು 3 ಕಿಲೋಮೀಟರಿಗೂ ಹೆಚ್ಚು ಕೆಳಗೆ ಹೋಗಿದ್ದವು. ಆದರೆ ಆ ಆಳಕ್ಕೆ ಇಂದು ಯಾರೂ ಇಳಿಯಲಾರರು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು, ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ಏರಿತು. ಈ 90 ಮೀಟರಿಗೆ ಮಾತ್ರ ಇಂದಿಗೂ ಯಾರು ಬೇಕಾದರೂ ಇಳಿಯಬಹುದು.

ಬ್ಲೈನಾವನ್ನಿನ ಕಥೆ ಕಲ್ಲಿದ್ದಲಿನಿಂದಲ್ಲ, ಕಬ್ಬಿಣದಿಂದ ಆರಂಭವಾಗುತ್ತದೆ. 1789ರಲ್ಲಿ ಇಲ್ಲಿ ಕಬ್ಬಿಣದ ಕುಲುಮೆಗಳು ಉರಿಯತೊಡಗಿದವು. ಅದಿರು, ಸುಣ್ಣಕಲ್ಲು, ಕಲ್ಲಿದ್ದಲು ಮೂರೂ ಒಂದೇ ಬೆಟ್ಟದ ಆಸುಪಾಸಿನಲ್ಲಿ ದೊರೆಯುತ್ತಿದ್ದದ್ದೇ ಅದಕ್ಕೆ ಕಾರಣ. 1870ರ ದಶಕದ ಕೊನೆಯಲ್ಲಿ ಈ ಕಾರ್ಖಾನೆಯ ರಸಾಯನಶಾಸ್ತ್ರಜ್ಞ ಪರ್ಸಿ ಗಿಲ್‌ಕ್ರಿಸ್ಟ್ ಹಾಗೂ ಅವನ ದಾಯಾದಿ ಸೋದರ, ಲಂಡನ್ನಿನ ನ್ಯಾಯಾಲಯವೊಂದರಲ್ಲಿ ಗುಮಾಸ್ತನಾಗಿದ್ದ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಸೇರಿ ರಂಜಕದ ಅಂಶವಿರುವ ಅದಿರಿನಿಂದಲೂ ಉಕ್ಕು ತಯಾರಿಸುವ ವಿಧಾನವನ್ನು ಕಂಡುಹಿಡಿದರು. ಅದರಿಂದ ಹೆಚ್ಚಿನ ಲಾಭವಾದದ್ದು ಅಂತಹ ಅದಿರು ಹೇರಳವಾಗಿದ್ದ ಜರ್ಮನಿಯಂತಹ ದೇಶಗಳಿಗೆ. ಈ ಊರಿನಲ್ಲಿ ನಡೆದ ಪ್ರಯೋಗ ಈ ಊರಿನ ಪ್ರತಿಸ್ಪರ್ಧಿಗಳನ್ನೇ ಬೆಳೆಸಿತು. ಕಬ್ಬಿಣ ಹಿಂದೆ ಸರಿದಂತೆ ಕಲ್ಲಿದ್ದಲು ಮುಂದೆ ಬಂತು. ಬ್ರಿಟನ್ನಿನ ಕಲ್ಲಿದ್ದಲ ಉತ್ಪಾದನೆ ಪರಾಕಾಷ್ಠೆ ಮುಟ್ಟಿದ್ದು 1913ರಲ್ಲಿ, 28 ಕೋಟಿ 70 ಲಕ್ಷ ಟನ್. ಅದರ ಸುಮಾರು ಐದನೆಯ ಒಂದು ಭಾಗ ದಕ್ಷಿಣ ವೇಲ್ಸಿನದು. ದೊಡ್ಡ ಗುಂಡಿಯೊಂದರಲ್ಲೇ ಒಂದು ಕಾಲಕ್ಕೆ 1,300 ಮಂದಿ ದುಡಿದಿದ್ದರು. 1947ರ ಜನವರಿ 1ರಂದು ಗಣಿಗಳ ರಾಷ್ಟ್ರೀಕರಣವಾಯಿತು. 1980ರ ಫೆಬ್ರವರಿ 2ರಂದು ಈ ಗಣಿ ಮುಚ್ಚಿತು. 1983ರಲ್ಲಿ ಅದೇ ಬಾವಿ ಸಂದರ್ಶಕರಿಗೆ ತೆರೆಯಿತು. 2000ದಲ್ಲಿ ಸುತ್ತಣ ಭೂದೃಶ್ಯವನ್ನೆಲ್ಲ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮರುವರ್ಷ ಗಣಿ ವೇಲ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಅಂಗವಾಯಿತು.

ಕಾನೂನಿನ ದೃಷ್ಟಿಯಲ್ಲಿ ಇದು ಇಂದಿಗೂ ಗಣಿಯೇ. ಆದ್ದರಿಂದ ಕೆಳಗಿಳಿಯುವ ಪ್ರವಾಸಿಗರಿಗೂ ಗಣಿಯ ನಿಯಮಗಳೇ. ಬೆಂಕಿಪೊಟ್ಟಣ, ಮೊಬೈಲು, ಕ್ಯಾಮರಾ, ಬ್ಯಾಟರಿಯ ಕೈಗಡಿಯಾರ, ಕಿಡಿಯೇಳಿಸಬಲ್ಲ ಎಲ್ಲವನ್ನೂ ಮೇಲೆಯೇ ಒಪ್ಪಿಸಬೇಕು. ಬದಲಿಗೆ ಅವರು ಕೊಡುವುದು ಹೆಲ್ಮೆಟ್, ಅದರ ದೀಪ, ಸೊಂಟದ ಪಟ್ಟಿಯಲ್ಲಿ ದೀಪದ ಬ್ಯಾಟರಿ, ಜೊತೆಗೆ ವಿಷಾನಿಲವೆದ್ದರೆ ಸ್ವಲ್ಪ ಹೊತ್ತು ಉಸಿರು ಕಾಯುವ ಒಂದು ಪೆಟ್ಟಿಗೆ. ಸೊಂಟಕ್ಕೆ ಬಿದ್ದ ಆ ಭಾರ ನನ್ನಂತಹ ಪುಸ್ತಕಜೀವಿಗೆ ಹತ್ತು ನಿಮಿಷಕ್ಕೇ ನೋವು ತಂದಿತು. ಕೈಗಡಿಯಾರ ಬಿಚ್ಚಿಟ್ಟದ್ದರಿಂದ ಒಳಗೆ ಎಷ್ಟು ಹೊತ್ತಾಯಿತೆಂಬುದೂ ತಿಳಿಯದು. ಕಬ್ಬಿಣದ ಪಂಜರದಂತಹ ಲಿಫ್ಟಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತು ಇಳಿದೆವು.

ನಮ್ಮನ್ನು ಕರೆದೊಯ್ದವರು ಹಿಂದೆ ಗಣಿಯಲ್ಲಿಯೇ ಕೆಲಸ ಮಾಡಿದ್ದವರು. ಈ ಸಂಗ್ರಹಾಲಯದ ಜೀವಾಳವೇ ಇದು. ವಿವರಣೆಯ ಫಲಕಗಳನ್ನು ಓದುವುದಕ್ಕೂ, ಮೊಣಕಾಲಲ್ಲಿ ಊನವಿರುವ ಒಬ್ಬ ಹಿರಿಯ "ಇಲ್ಲಿ ತಲೆ ತಗ್ಗಿಸಿ" ಎಂದು ಪ್ರತಿ ತೊಲೆಯನ್ನೂ ನೋಡದೆಯೇ ಎಚ್ಚರಿಸುವುದಕ್ಕೂ ಇರುವ ಅಂತರವನ್ನು ನಮ್ಮ ಶಾಸನಶಾಸ್ತ್ರದ ಗೆಳೆಯರು ಚೆನ್ನಾಗಿ ಬಲ್ಲರು. ಅವರು ಭಾಷಣ ಮಾಡಲಿಲ್ಲ. ಒಂದು ಕಡೆ ನಿಂತು ಚಾವಣಿಯನ್ನು ಕೋಲಿನಿಂದ ತಟ್ಟಿ ಸದ್ದು ಕೇಳಿಸಿದರು. ಗಟ್ಟಿ ಬಂಡೆಯ ಸದ್ದು ಬೇರೆ, ಕಳಚಲು ಸಿದ್ಧವಾದ ಬಂಡೆಯ ಸದ್ದು ಬೇರೆ. ನಾವು ಛಂದಸ್ಸಿಗೆ ಕಿವಿಯನ್ನು ಪಳಗಿಸುವಂತೆ ಅವರು ಇದಕ್ಕೆ ಪಳಗಿಸಿಕೊಂಡಿದ್ದರು. ನಮಗೆ ತಪ್ಪಿದರೆ ಲಘುಗುರು ಕೆಡುತ್ತದೆ ಅಷ್ಟೆ.

ಒಳಗೆ ಒಂದೆಡೆ ಮರದ ಬಾಗಿಲಿದೆ. ಗಣಿಯಲ್ಲಿ ಗಾಳಿಗೂ ದಾರಿ ಹಾಕಿಕೊಡಬೇಕು. ಅಲ್ಲಲ್ಲಿ ಬಾಗಿಲುಗಳನ್ನಿಟ್ಟು ಮುಚ್ಚಿದರೆ ಮಾತ್ರ ಗಾಳಿ ದೂರದ ಕೆಲಸದ ಮುಖದವರೆಗೆ ಸುತ್ತಿ ಹೋಗುತ್ತದೆ. ಬಂಡಿ ಬಂದಾಗ ಬಾಗಿಲು ತೆರೆಯಬೇಕು, ಹೋದೊಡನೆ ಮುಚ್ಚಬೇಕು. ಈ ಕೆಲಸಕ್ಕೆ ಬಲ ಬೇಡವಾದ್ದರಿಂದ ಮಕ್ಕಳನ್ನು ಕೂರಿಸುತ್ತಿದ್ದರು. ಆರು, ಏಳು ವರ್ಷದ ಮಕ್ಕಳು ಹಗ್ಗದ ತುದಿ ಹಿಡಿದು ಹನ್ನೆರಡು ತಾಸು ಕತ್ತಲಲ್ಲಿ ಕುಳಿತಿರುತ್ತಿದ್ದರು. ಮೋಂಬತ್ತಿಯ ಬೆಲೆ ಕೂಲಿಯವರ ಪಾಲಿಗೆ ಬರುತ್ತಿದ್ದದ್ದರಿಂದ ಎಷ್ಟೋ ಮಕ್ಕಳಿಗೆ ಬೆಳಕೂ ಇರಲಿಲ್ಲ. ಆ ಬಾಗಿಲ ಬಳಿಯೇ ನಮ್ಮ ಮಾರ್ಗದರ್ಶಕರು ಎಲ್ಲರೂ ದೀಪ ಆರಿಸಿರೆಂದರು. ಆರಿಸಿದೆವು. ಕೈಯನ್ನು ಮುಖದ ಹತ್ತಿರ ತಂದುಕೊಳ್ಳಿರೆಂದರು. ತಂದೆ. ಕೈ ಇಲ್ಲ.

ಇದು ಇರುಳಿನ ಕತ್ತಲಲ್ಲ. ಇರುಳಿನಲ್ಲಿ ಕಣ್ಣು ಕ್ರಮೇಣ ಹೊಂದಿಕೊಳ್ಳುತ್ತದೆ. ಇಲ್ಲಿ ಹೊಂದಿಕೊಳ್ಳಲು ಏನೂ ಇಲ್ಲ. ನಮ್ಮ ಕವಿಗಳು ಕತ್ತಲನ್ನು ಕಾಡಿಗೆಗೆ, ಕಾರ್ಮುಗಿಲಿಗೆ ಹೋಲಿಸಿದ್ದಾರೆ. ಆ ಹೋಲಿಕೆಗಳೆಲ್ಲ ಕಪ್ಪು ಬಣ್ಣದ ಹೋಲಿಕೆಗಳು. ಗಣಿಯ ಕತ್ತಲಿಗೆ ಬಣ್ಣವಿಲ್ಲ. ನೀರು ತೊಟ್ಟಿಕ್ಕುವ ಸದ್ದು ಎಲ್ಲಿಂದಲೋ ಬರುತ್ತಿತ್ತು. ಯಾರೋ ಒಂದು ಮಗು ಅಳತೊಡಗಿತು, ತಾಯಿ ದೀಪ ಹೊತ್ತಿಸಿಬಿಟ್ಟಳು. ಅಷ್ಟರಲ್ಲಿ ಕಳೆದಿದ್ದದ್ದು ಅರ್ಧ ನಿಮಿಷವಿರಬಹುದು.

1838ರ ಜುಲೈ 4ರಂದು ಯಾರ್ಕ್‌ಷೈರಿನ ಸಿಲ್ಕ್‌ಸ್ಟೋನಿನಲ್ಲಿ ಮಳೆನೀರು ಗಣಿಯೊಳಗೆ ನುಗ್ಗಿ 26 ಮಕ್ಕಳು ಮುಳುಗಿ ಸತ್ತರು. ಅವರಲ್ಲಿ 11 ಮಂದಿ ಹೆಣ್ಣುಮಕ್ಕಳು. ಅನಂತರ ನೇಮಕವಾದ ವಿಚಾರಣಾ ಆಯೋಗವು ಗಣಿಗಳಲ್ಲಿ ದುಡಿಯುವ ಮಕ್ಕಳನ್ನೇ ಮಾತನಾಡಿಸಿ ಹೇಳಿಕೆಗಳನ್ನು ಬರೆದುಕೊಂಡಿತು. 1842ರ ವರದಿಯಲ್ಲಿ ಆ ಹೇಳಿಕೆಗಳೊಂದಿಗೆ ಚಿತ್ರಗಳನ್ನೂ ಅಚ್ಚು ಹಾಕಿದ್ದರಿಂದ ಓದದವರೂ ನೋಡಿದರು. ಅದೇ ವರ್ಷ ಬಂದ ಶಾಸನವು ಎಲ್ಲ ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ನೆಲದಡಿಯ ಕೆಲಸದಿಂದ ನಿಷೇಧಿಸಿತು. ಸಂಶೋಧಕರಿಗೆ ಈ ವರದಿ ಬಲು ದೊಡ್ಡ ಭಂಡಾರ. ಅಕ್ಷರ ಬಾರದ ಮಕ್ಕಳ ಮಾತು ಸರ್ಕಾರಿ ಕಡತದಲ್ಲಿ ಉಳಿದಿರುವುದು ಅಪರೂಪ. ಆದರೆ ಆ ಮಕ್ಕಳಲ್ಲಿ ವೆಲ್ಷ್ ಮಾತ್ರ ಬಲ್ಲವರ ಮಾತು ಇಂಗ್ಲಿಷಿಗಿಳಿದು ದಾಖಲಾಯಿತೆಂಬುದನ್ನು ಮರೆಯಬಾರದು. ನಾವು ಓದುತ್ತಿರುವುದು ಮಗುವಿನ ಮಾತನ್ನೋ ಅಧಿಕಾರಿಯ ವಾಕ್ಯವನ್ನೋ ಎಂಬ ಸಂದೇಹ ಪ್ರತಿ ಪುಟದಲ್ಲೂ ಇರಬೇಕು.

ಇಲ್ಲಿ ನನ್ನನ್ನು ಬಾಧಿಸಿದ ಇನ್ನೊಂದು ಸಂಗತಿ ಆ ಸಂಗ್ರಹಾಲಯದ ಕಥೆಯ ಹೊರಗಿನದು. 1842ರಲ್ಲಿ ತಮ್ಮ ನೆಲದ ಹೆಂಗಸರನ್ನು ಗಣಿಯಿಂದ ಮೇಲೆ ಕರೆತಂದ ಅದೇ ಆಳರಸರು ಭಾರತದ ಗಣಿಗಳಲ್ಲಿ ಅದನ್ನು ಮಾಡಲು ಸುಮಾರು ಒಂದು ಶತಮಾನ ತೆಗೆದುಕೊಂಡರು. 1929ರ ನಿಯಮಗಳಿಂದ ಹಂತಹಂತವಾಗಿ ಆರಂಭವಾದ ನಿಷೇಧ 1937ರಲ್ಲಿ ಪೂರ್ಣವಾಯಿತು. ಮಹಾಯುದ್ಧಕ್ಕೆ ಕಲ್ಲಿದ್ದಲು ಸಾಲದಾದಾಗ 1943ರಲ್ಲಿ ಅದನ್ನೂ ತೆಗೆದು ಹೆಂಗಸರನ್ನು ಮತ್ತೆ ಕೆಳಗಿಳಿಸಲಾಯಿತು. ನಿಷೇಧ ಮರಳಿದ್ದು 1946ರಲ್ಲಿ. ಝರಿಯಾ, ರಾಣಿಗಂಜಿನ ಆ ಹೆಂಗಸರ ಹೇಳಿಕೆಗಳನ್ನು 1842ರ ವರದಿಯ ವಿಸ್ತಾರದಲ್ಲಿ, ಅವರದೇ ಮಾತಿನಲ್ಲಿ ಓದುವ ಭಾಗ್ಯ ನಮಗಿಲ್ಲ.

ಬಾಗಿಲಿನಿಂದ ಮುಂದೆ ಕುದುರೆಲಾಯ. ಸಾಲು ಗೂಡುಗಳು, ಪ್ರತಿ ಗೂಡಿನ ಮೇಲೂ ಕುದುರೆಯ ಹೆಸರು. ವರ್ಷದಲ್ಲಿ ಬೇಸಗೆಯ ರಜೆಯ ಕೆಲವೇ ದಿನ ಅವು ಹುಲ್ಲುಗಾವಲನ್ನು ಕಾಣುತ್ತಿದ್ದವು. ಉಳಿದಂತೆ ಊಟ, ನಿದ್ರೆ, ದುಡಿಮೆ ಎಲ್ಲ ನೆಲದಡಿಯಲ್ಲೇ. ಬ್ರಿಟನ್ನಿನ ಗಣಿಗಳಲ್ಲಿ ಒಂದು ಕಾಲಕ್ಕೆ ಸುಮಾರು 70,000 ಕುದುರೆಗಳಿದ್ದವು. ಕ್ಯಾನರಿ ಹಕ್ಕಿಯ ಕಥೆ ಎಲ್ಲರಿಗೂ ಗೊತ್ತು. ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮನುಷ್ಯನಿಗಿಂತ ಮೊದಲು ಹಕ್ಕಿ ಸೋಲುತ್ತದೆ. ಬ್ರಿಟನ್ನಿನ ಗಣಿಗಳಿಂದ ಈ ಹಕ್ಕಿಗಳಿಗೆ ನಿವೃತ್ತಿ ದೊರೆತದ್ದು 1986ರಲ್ಲಿ ಎಂದರೆ ಆಶ್ಚರ್ಯವಾಗುತ್ತದೆ.

ಡೇವಿಯ ದೀಪವನ್ನು ಬಿಚ್ಚಿ ತೋರಿಸಿದರು. 1815ರಲ್ಲಿ ಹಂಫ್ರಿ ಡೇವಿ ರೂಪಿಸಿದ ಇದರ ಗುಟ್ಟು ಬಹಳ ಸರಳ. ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿಬಲೆ. ಲೋಹವು ಶಾಖವನ್ನು ಹೀರಿಕೊಳ್ಳುವುದರಿಂದ ಬಲೆಯ ಹೊರಗಿನ ಮೀಥೇನ್ ಹೊತ್ತಿಕೊಳ್ಳುವುದಿಲ್ಲ. ಜೊತೆಗೆ ಮೀಥೇನ್ ಇದ್ದರೆ ಜ್ವಾಲೆಯ ಮೇಲೆ ನೀಲಿ ಟೋಪಿಯೊಂದು ಕಾಣುತ್ತದೆ, ಆಮ್ಲಜನಕ ಕಡಿಮೆಯಾದರೆ ಜ್ವಾಲೆ ಆರುತ್ತದೆ. ದೀಪವೇ ಓದಬೇಕಾದ ಬರಹವಾಯಿತು. ಆದರೆ ದೀಪ ಬಂತೆಂಬ ಧೈರ್ಯದಿಂದ ಹಿಂದೆ ಅಪಾಯವೆಂದು ಬಿಟ್ಟಿದ್ದ ಆಳದ ಪದರಗಳಿಗೂ ಇಳಿಯತೊಡಗಿದರು, ಸಾವು ಕಡಿಮೆಯಾಗಲಿಲ್ಲ. ಇದೇ ದಕ್ಷಿಣ ವೇಲ್ಸಿನ ಸೆಂಗೆನಿಡ್ ಎಂಬಲ್ಲಿ 1901ರಲ್ಲಿ ಗಣಿ ಸಿಡಿದು 81 ಮಂದಿ ಸತ್ತಿದ್ದರು. ಅದೇ ಗಣಿ 1913ರ ಅಕ್ಟೋಬರ್ 14ರಂದು ಮತ್ತೆ ಸಿಡಿದು 439 ಕಾರ್ಮಿಕರು, ಒಬ್ಬ ರಕ್ಷಕ ಸತ್ತರು. ಬ್ರಿಟನ್ನಿನ ಇತಿಹಾಸದಲ್ಲೇ ಇದು ಅತಿ ದೊಡ್ಡ ಗಣಿ ದುರಂತ. ಸುರಕ್ಷತಾ ನಿಯಮ ಮೀರಿದ್ದಕ್ಕೆ ವ್ಯವಸ್ಥಾಪಕನಿಗೆ 24 ಪೌಂಡ್, ಕಂಪನಿಗೆ 10 ಪೌಂಡ್ ದಂಡ ಬಿತ್ತು. ಉತ್ಪಾದನೆಯ ಪರಾಕಾಷ್ಠೆಯ ವರ್ಷವೂ ಅದೇ 1913 ಎಂಬುದನ್ನು ಮೇಲೆ ಹೇಳಿದ್ದೇನೆ.

ಮೇಲೆ ಬಂದ ಮೇಲೆ ಬಲಿಷ್ಠವಾದ ಅನುಭವ ನನಗಾದದ್ದು ಯಂತ್ರಗಳ ನಡುವೆಯಲ್ಲ, ಸ್ನಾನಗೃಹದಲ್ಲಿ. 1939ರಲ್ಲಿ ಕಟ್ಟಿದ ಈ ಕಟ್ಟಡ ಬರುವ ಮೊದಲು ಕಾರ್ಮಿಕರು ಮೈತುಂಬ ಮಸಿಯೊಂದಿಗೇ ಮನೆಗೆ ನಡೆದು ಹೋಗುತ್ತಿದ್ದರು. ಅಡಿಗೆಯ ಒಲೆಯ ಮುಂದೆ ತಗಡಿನ ತೊಟ್ಟಿ; ತಂದೆ, ಹಿರಿಯ ಮಗ, ಕಿರಿಯ ಮಗ ಸರದಿಯಂತೆ ಮೀಯಬೇಕು. ಪ್ರತಿಯೊಬ್ಬರಿಗೂ ನೀರು ಹೊತ್ತು, ಕಾಯಿಸಿ, ಸುರಿದು, ಮತ್ತೆ ಹೊರಗೆ ಚೆಲ್ಲುವವಳು ಮನೆಯ ಹೆಂಗಸು. ಪಾಳಿಗಳು ಬೇರೆಬೇರೆಯಾದರೆ ಅವಳಿಗೆ ದಿನವೆಲ್ಲ ಇದೇ ಕೆಲಸ. ಕಾನೂನು ಅವಳನ್ನು ಗಣಿಯಿಂದ ಹೊರಗೆ ತಂದಿತ್ತು ನಿಜ. ಗಣಿ ಮಾತ್ರ ಪ್ರತಿ ಸಂಜೆ ಅವಳ ಅಡಿಗೆಮನೆಗೆ ಬರುತ್ತಿತ್ತು. ಸ್ನಾನಗೃಹದಲ್ಲಿ ಒಬ್ಬೊಬ್ಬರಿಗೆ ಎರಡು ಕಪಾಟುಗಳು. ಒಂದು ಗಣಿಯ ಬಟ್ಟೆಗೆ, ಇನ್ನೊಂದು ಮನೆಯ ಬಟ್ಟೆಗೆ. ಅವೆರಡರ ನಡುವೆ ಬೆಚ್ಚನೆಯ ನೀರು. ಕಲ್ಲಿದ್ದಲ ಧೂಳು ಚರ್ಮದಿಂದ ಹೋಗುತ್ತಿತ್ತು, ಶ್ವಾಸಕೋಶದಿಂದ ಹೋಗುತ್ತಿರಲಿಲ್ಲ. ಆ ಕಾಯಿಲೆಗೆ ಕಲ್ಲಿದ್ದಲ ಕಾರ್ಮಿಕರೆಲ್ಲರಿಗೂ ಪರಿಹಾರ ಕೊಡುವ ಯೋಜನೆ ಬಂದದ್ದು 1943ರಲ್ಲಿ.

ಸಾಹಿತ್ಯದ ವಿದ್ಯಾರ್ಥಿಗಳು ಈ ಊರಿನ ಇನ್ನೊಂದು ಕಟ್ಟಡವನ್ನು ನೋಡಬೇಕು. ಅದು ಕಾರ್ಮಿಕ ಭವನ, 1895ರದು, ಕಾರ್ಮಿಕರ ವಂತಿಗೆಯಿಂದಲೇ ಎದ್ದದ್ದು. ದಕ್ಷಿಣ ವೇಲ್ಸಿನ ಕಣಿವೆಗಳಲ್ಲಿ ಇಂತಹ ಭವನಗಳೂ ಅವುಗಳಲ್ಲಿ ಗ್ರಂಥಾಲಯಗಳೂ ಅನೇಕ. ಮುಂದೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಸ್ಥಾಪಿಸಿದ ಅನ್ಯೂರಿನ್ ಬೆವನ್ ಪಕ್ಕದ ಟ್ರೆಡೆಗರಿನ ಗಣಿ ಹುಡುಗ. ಅವನ ಓದೂ ಅಲ್ಲಿನ ಕಾರ್ಮಿಕರ ಗ್ರಂಥಾಲಯದಲ್ಲೇ ನಡೆಯಿತು. ಗಣಿಗಳು ಮುಚ್ಚತೊಡಗಿದಾಗ ಚದುರಿಹೋಗುತ್ತಿದ್ದ ಈ ಪುಸ್ತಕಗಳನ್ನು ಕೂಡಿಹಾಕಿ 1973ರಲ್ಲಿ ಸ್ವಾನ್ಸಿಯಲ್ಲಿ ದಕ್ಷಿಣ ವೇಲ್ಸ್ ಗಣಿಗಾರರ ಗ್ರಂಥಾಲಯ ತೆರೆಯಲಾಯಿತು. ಹಳೆಯ ಕಾರ್ಮಿಕರ ಮಾತುಗಳನ್ನು ಧ್ವನಿಮುದ್ರಿಸಿಯೂ ಇಟ್ಟಿದ್ದಾರೆ. ಬ್ಲೈನಾವನ್ನನ್ನು ಹಿನ್ನೆಲೆಯಾಗಿಸಿ 1959ರಲ್ಲಿ 'ರೇಪ್ ಆಫ್ ದ ಫೇರ್ ಕಂಟ್ರಿ' ಕಾದಂಬರಿಯನ್ನು ಬರೆದ ಅಲೆಕ್ಸಾಂಡರ್ ಕಾರ್ಡೆಲ್ ಹುಟ್ಟಿದ್ದು ಕೊಲಂಬೊದಲ್ಲಿ. ವೇಲ್ಸಿನ ಕಬ್ಬಿಣದ ಕಾಲದ ಹೆಸರಾಂತ ಕಾದಂಬರಿಯನ್ನು ಹೊರಗಿನಿಂದ ಬಂದವನೊಬ್ಬ ಬರೆದದ್ದು ತೌಲನಿಕ ಅಧ್ಯಯನಕ್ಕೆ ಒಳ್ಳೆಯ ವಸ್ತು.

ದುಡಿಮೆಯ ತಾಣವನ್ನು ಹೀಗೆ ಪ್ರದರ್ಶನಕ್ಕಿಡುವುದರ ಬಗ್ಗೆ ಆಕ್ಷೇಪಗಳೂ ಇವೆ. ರಾಬರ್ಟ್ ಹ್ಯೂಯಿಸನ್ 1987ರಲ್ಲಿ ಬರೆದ 'ದ ಹೆರಿಟೇಜ್ ಇಂಡಸ್ಟ್ರಿ' ಗ್ರಂಥದ ವಾದವು, ವಸ್ತುಗಳನ್ನು ತಯಾರಿಸುವುದನ್ನು ಬಿಟ್ಟ ದೇಶ ಈಗ ಪರಂಪರೆಯನ್ನು ತಯಾರಿಸುತ್ತಿದೆ ಎಂಬುದು. ರಾಫೆಲ್ ಸ್ಯಾಮ್ಯುಯೆಲ್ 1994ರ ತನ್ನ 'ಥಿಯೇಟರ್ಸ್ ಆಫ್ ಮೆಮೊರಿ'ಯಲ್ಲಿ ಇದನ್ನು ಒಪ್ಪುವುದಿಲ್ಲ. ಜನಸಾಮಾನ್ಯರ ಬದುಕು ಇತಿಹಾಸದೊಳಗೆ ಬಂದದ್ದೇ ಇಂತಹ ಪ್ರಯತ್ನಗಳಿಂದ ಎನ್ನುತ್ತಾನೆ. ನನ್ನ ಒಲವು ಸ್ಯಾಮ್ಯುಯೆಲ್ಲನ ಕಡೆಗೆ, ಆದರೆ ಪೂರ್ತಿಯಾಗಿ ಅಲ್ಲ. ಐವತ್ತು ನಿಮಿಷದ ನಡಿಗೆಯಲ್ಲಿ 1840ರ ಬಾಗಿಲಿನಿಂದ 1970ರ ಯಂತ್ರದವರೆಗೆ ಸಾಗುವವನಿಗೆ ಇವೆಲ್ಲ ಒಂದೇ 'ಹಿಂದಿನ ಕಾಲ'ವಾಗಿ ಕಂಡುಬಿಡುತ್ತವೆ. ಧೂಳಿಲ್ಲ, ಯಂತ್ರದ ಗದ್ದಲವಿಲ್ಲ, ಭಯವಂತೂ ಇಲ್ಲ. ಪ್ರದರ್ಶನಕ್ಕೆ ಸಿಗದ ಇನ್ನೂ ಒಂದಿದೆ. 1966ರ ಅಕ್ಟೋಬರ್ 21ರಂದು ಅಬರ್‌ವ್ಯಾನಿನಲ್ಲಿ ಗಣಿಯ ತ್ಯಾಜ್ಯದ ಗುಡ್ಡ ಜಾರಿ ಶಾಲೆಯ ಮೇಲೆ ಬಿದ್ದು 116 ಮಕ್ಕಳು, 28 ಹಿರಿಯರು ಸತ್ತರು. ಆಗ ಗಣಿಗಳು ಖಾಸಗಿ ಮಾಲೀಕರವಲ್ಲ, ರಾಷ್ಟ್ರದವು. ಸೆಂಗೆನಿಡ್ಡಿನ ಕಥೆಯಲ್ಲಿ ನಮಗೆ ಸುಲಭವಾಗಿ ದೊರೆಯುವ ಖಳನಾಯಕ ಇಲ್ಲಿ ದೊರೆಯುವುದಿಲ್ಲ.

ದಕ್ಷಿಣ ವೇಲ್ಸಿನ ಕೊನೆಯ ಆಳ ಗಣಿಗಳಲ್ಲೊಂದಾದ ಟವರ್ ಗಣಿಯನ್ನು ಕಾರ್ಮಿಕರು ತಮ್ಮ ಪರಿಹಾರಧನ ಸೇರಿಸಿ 1995ರಲ್ಲಿ ತಾವೇ ಕೊಂಡು 2008ರವರೆಗೆ ನಡೆಸಿದರು. ಇಡೀ ಬ್ರಿಟನ್ನಿನ ಕೊನೆಯ ಆಳದ ಕಲ್ಲಿದ್ದಲ ಗಣಿ 2015ರ ಡಿಸೆಂಬರಿನಲ್ಲಿ ಮುಚ್ಚಿತು. ಕಲ್ಲಿದ್ದಲಿನಿಂದ ನಡೆಯುತ್ತಿದ್ದ ಕೊನೆಯ ವಿದ್ಯುತ್ ಸ್ಥಾವರವೂ 2024ರ ಸೆಪ್ಟೆಂಬರ್ 30ರಂದು ನಿಂತಿತು. ಇದರರ್ಥ ಬಹಳ ಸರಳ. ಗಣಿಯಲ್ಲಿ ದುಡಿದು ಬಂದು ಮಾರ್ಗದರ್ಶನ ಮಾಡಬಲ್ಲವರು ಇನ್ನು ಹೊಸದಾಗಿ ಹುಟ್ಟುವುದಿಲ್ಲ. ನಮ್ಮನ್ನು ಕರೆದೊಯ್ದ ಹಿರಿಯರ ಕೂದಲು ಬೆಳ್ಳಗಾಗಿತ್ತು. ಮುಂದೆ ಅದೇ ಮಾತನ್ನು ಯಾರಾದರೂ ಕಲಿತು ಹೇಳುತ್ತಾರೆ. ಆಗ ಅದು ಪಾಠವಾಗುತ್ತದೆ, ಪಾಠಾಂತರಗಳೂ ಹುಟ್ಟುತ್ತವೆ. ಗ್ರಂಥಸಂಪಾದನೆಯ ಪಾಠ ಹೇಳುವ ನನಗೆ ಇದು ಹೊಸ ಸಂಗತಿಯಲ್ಲ. ಮೂಲಪ್ರತಿಯೇ ಎದುರು ನಿಂತು ಮಾತನಾಡಿದ್ದು ಮಾತ್ರ ಹೊಸದು.

ಕ್ಯಾಮರಾ ಮೇಲೆಯೇ ಉಳಿದಿದ್ದರಿಂದ ನನ್ನಲ್ಲಿ ಗಣಿಯೊಳಗಿನ ಚಿತ್ರ ಒಂದೂ ಇಲ್ಲ. ಊರಿಗೆ ಮರಳಿದ ಮೇಲೆ ಆ ವಿದ್ಯಾರ್ಥಿಯನ್ನು ಹುಡುಕಿ ದೂರವಾಣಿ ಮಾಡಿದೆ. ಈಗ ಅವನು ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕ. ಕತ್ತಲಿನ ವಿಷಯ ಹೇಳಿದೆ. ಅವನು ಬಹಳ ಹೊತ್ತು ಕೇಳಿದ. ಹಿಂದೆ ನಾನು ಕೊಟ್ಟ ಸಲಹೆ ತಪ್ಪಾಗಿತ್ತೆಂದೂ ಹೇಳಿದೆ. ಅವನ ತಾತ ತೀರಿಕೊಂಡು ಮೂರು ವರ್ಷವಾಯಿತಂತೆ. ತಾತನ ಜೊತೆ ಒಂದೇ ಪಾಳಿಯಲ್ಲಿ ಇಳಿಯುತ್ತಿದ್ದ ಇಬ್ಬರು ರಾಬರ್ಟ್‌ಸನ್‌ಪೇಟೆಯಲ್ಲಿದ್ದಾರೆ. ಒಬ್ಬರಿಗೆ ಕಿವಿ ಸ್ವಲ್ಪ ಮಂದ, ಇನ್ನೊಬ್ಬರು ಮಾತುಗಾರರು ಎಂದ. ಧ್ವನಿಮುದ್ರಣದ ಸಾಧನವನ್ನು ಕಾಲೇಜಿನಿಂದ ಕೇಳಿ ಪಡೆದಿದ್ದೇನೆ. ದಸರಾ ರಜೆಯ ಮೊದಲ ಭಾನುವಾರ ಇಬ್ಬರೂ ಅಲ್ಲಿಗೆ ಹೋಗುವುದೆಂದು ಮಾತಾಗಿದೆ.